ವಿಮಾನದ ಟ್ರಿಮ್: ಕೈಚಕ್ರವೋ, ಮೋಟಾರೋ?

ಸ್ವಂತ ವಿಮಾನ ಕಟ್ಟುವವರು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬೆರಳೆಣಿಕೆಯಷ್ಟು ಮಂದಿ. ಕಟ್ಟಲು ಕುಳಿತವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಬಾಲದಲ್ಲಿದ್ದು ವಿಮಾನದ ಮೂಗನ್ನು ಏರಿಸಿ ಇಳಿಸುವ ಫಲಕವಾದ ಎಲಿವೇಟರಿನ ಟ್ರಿಮ್ಮನ್ನು ಕೈಯಿಂದ ತಿರುಗಿಸುವಂತೆ ಇಡಲೇ, ಮೋಟಾರು ಹಾಕಲೇ? ಈಚೆಗೆ ಕೇಳಿದವರು ಸಕಲೇಶಪುರದ ಹತ್ತಿರದ ಕಾಫಿ ಬೆಳೆಗಾರರು. ಎರಡು ಆಸನದ ಲೋಹದ ಕಿಟ್ ವಿಮಾನವನ್ನು ತೋಟದ ಗೋದಾಮಿನಲ್ಲಿ ಜೋಡಿಸುತ್ತಿದ್ದಾರೆ. ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಮೂಟೆಗಳಿಗೆ ಜಾಗ ಬಿಟ್ಟುಕೊಟ್ಟು ರೆಕ್ಕೆಗಳನ್ನು ಅಟ್ಟಕ್ಕೆ ಏರಿಸಬೇಕಾಗುತ್ತದೆ. ಹಾಗಾಗಿ ಅವರಿಗೆ ಉತ್ತರ ಬೇಗ ಬೇಕಿತ್ತು. ವಿಮಾನ ನಿರ್ವಹಣೆಯಲ್ಲಿ ವೃತ್ತಿಜೀವನ ಕಳೆದವನಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಟ್ರಿಮ್‌ನ ಕೆಲಸ ಸರಳ. ವೇಗ ಬದಲಾದಾಗ, ಎಂಜಿನ್ ಶಕ್ತಿ ಹೆಚ್ಚು ಕಡಿಮೆಯಾದಾಗ, ಪಕ್ಕದಲ್ಲಿ ಒಬ್ಬರು ಕುಳಿತಾಗ ಸ್ಟಿಕ್ (ವಿಮಾನ ನಡೆಸುವ ಹಿಡಿಕೋಲು) ಕೈಯನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಹಾಸನದ ಆಕಾಶದಿಂದ ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯವರೆಗೆ ಒಂದೇ ಸಮನೆ ಅದನ್ನು ಹಿಡಿದುಕೊಂಡು ಹೋದರೆ ತೋಳು ಸೋಲುತ್ತದೆ, ಸೋತ ತೋಳಿನೊಂದಿಗೆ ಗಮನವೂ ಸಡಿಲವಾಗುತ್ತದೆ. ಎಲಿವೇಟರಿನ ಹಿಂದಿನ ಅಂಚಿನಲ್ಲಿರುವ ಪುಟ್ಟ ಟ್ಯಾಬ್ ಈ ಭಾರವನ್ನು ತಾನು ಹೊರುತ್ತದೆ. ಟ್ಯಾಬ್ ಕೆಳಗೆ ಬಾಗಿದರೆ ಗಾಳಿ ಎಲಿವೇಟರನ್ನು ಮೇಲಕ್ಕೆ ಒತ್ತುತ್ತದೆ, ಮೂಗು ಮೇಲೇಳುತ್ತದೆ. ಟ್ಯಾಬ್ ಮೇಲೆ ಬಾಗಿದರೆ ಮೂಗು ಕೆಳಗೆ. ಈ ತಿರುವುಮುರುವು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಯಾವುದು ಹಗುರ, ಯಾವುದು ಅಗ್ಗ, ಯಾವುದು ನೋಡಲು ಚೆಂದ ಎಂಬುದರಿಂದ ಚರ್ಚೆ ಶುರುವಾಗುವುದು ವಾಡಿಕೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಕೆಟ್ಟಾಗ ಅದು ಏನು ಮಾಡುತ್ತದೆ? ಕೈ ಟ್ರಿಮ್ ಕೆಟ್ಟರೆ ಸಾಮಾನ್ಯವಾಗಿ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮೆಲ್ಲಗೆ ಜಾರುತ್ತದೆ. ಮೋಟಾರು ಟ್ರಿಮ್ ಕೆಟ್ಟರೆ ಇದ್ದಲ್ಲೇ ನಿಲ್ಲಬಹುದು, ಅಥವಾ ನೀವು ಗುಂಡಿ ಒತ್ತದಿದ್ದರೂ ಓಡಿ ಒಂದು ತುದಿ ಮುಟ್ಟಬಹುದು. ನಿಂತದ್ದನ್ನು ಸಂಭಾಳಿಸಬಹುದು. ಓಡುವುದನ್ನು ಗುರುತಿಸಬೇಕು, ನಿಲ್ಲಿಸಬೇಕು, ಅಷ್ಟರಲ್ಲಿ ವಿಮಾನವನ್ನೂ ಹಾರಿಸಬೇಕು. ಅದಕ್ಕೇ ಹಗಲಿನಲ್ಲಿ ಮಾತ್ರ ಹಾರುವ, ಆಟೊಪೈಲಟ್ ಇಲ್ಲದ ಸಣ್ಣ ವಿಮಾನಕ್ಕೆ ನನ್ನ ಮೊದಲ ಮತ ಕೈ ಟ್ರಿಮ್‌ಗೆ.

ಕೈ ಟ್ರಿಮ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ತಿರುಪಿನ ಕಡ್ಡಿಯನ್ನು ತಿರುಗಿಸುವ ಚಕ್ರ ನನಗೆ ಹೆಚ್ಚು ಇಷ್ಟ. ಟ್ಯಾಬ್ ಮೇಲಿನ ಗಾಳಿಯ ಒತ್ತಡ ತಿರುಪನ್ನು ಹಿಂದಕ್ಕೆ ತಿರುಗಿಸಲಾರದು. ಲಿವರ್ ಹಾಗಲ್ಲ. ಬಿಗಿಯಾದ ವಾಷರುಗಳ ಘರ್ಷಣೆಯೇ ಅದನ್ನು ಹಿಡಿದಿಟ್ಟಿರುತ್ತದೆ. ವಾಷರ್ ಸವೆದರೆ ಅಥವಾ ನಟ್ ಸಡಿಲವಾದರೆ ಎಂಜಿನ್ನಿನ ನಡುಕಕ್ಕೇ ಲಿವರ್ ಜಾರತೊಡಗುತ್ತದೆ. ಕಾಕ್‌ಪಿಟ್‌ನಿಂದ ಬಾಲದವರೆಗೆ ಹೋಗುವ ಕೇಬಲ್‌ಗೆ ಬಾಗುಗಳು ಕಡಿಮೆಯಿರಬೇಕು, ಇರುವ ಬಾಗುಗಳು ಅಗಲವಾಗಿರಬೇಕು. ಪ್ರತಿ ಇಕ್ಕಟ್ಟಾದ ಬಾಗೂ ಘರ್ಷಣೆ ಹೆಚ್ಚಿಸುತ್ತದೆ. ಕೊನೆಗೆ ಟ್ಯಾಬ್ ಕದಲುವ ಮೊದಲು ಚಕ್ರ ಕಾಲು ಸುತ್ತು ಸುಮ್ಮನೆ ತಿರುಗುತ್ತದೆ. ಅಂಥ ಟ್ರಿಮ್‌ನಲ್ಲಿ ನಿಖರತೆ ಇರುವುದಿಲ್ಲ.

ಬೈಕಿನ ಬ್ರೇಕ್ ಕೇಬಲ್ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಬ್ರೇಕ್ ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಟ್ಯಾಬ್‌ಗೆ ಎರಡೂ ಬೇಕು. ಜೊತೆಗೆ ನಮ್ಮ ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ಗೋಡೆಯೇ ಬೆವರುವ ಊರಿನಲ್ಲಿ ಕವಚದೊಳಗೆ ಸೇರಿದ ತೇವ ಆರುವುದಿಲ್ಲ. ತಂತಿ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೇಬಲನ್ನು ತುದಿಯಿಂದ ಬಿಚ್ಚಿ, ಕೈಯಲ್ಲಿ ಹಿಂದೆ ಮುಂದೆ ಸರಿಸಿ, ಎಲ್ಲಾದರೂ ಒರಟು ತಗಲುತ್ತದೆಯೇ ಎಂದು ನೋಡಲೇಬೇಕು.

ಹಗುರವಾದ ಮೈಕ್ರೋಲೈಟ್ ಕಟ್ಟುವವರಿಗೆ ಮೂರನೆಯ ದಾರಿಯೂ ಇದೆ: ಸ್ಪ್ರಿಂಗ್ ಟ್ರಿಮ್. ಬಾಲದಲ್ಲಿ ಟ್ಯಾಬೇ ಇರುವುದಿಲ್ಲ. ಸ್ಟಿಕ್‌ನ ಬುಡಕ್ಕೆ ಕಟ್ಟಿದ ಸ್ಪ್ರಿಂಗನ್ನು ಬಿಗಿ ಮಾಡಿ ಅಥವಾ ಸಡಿಲಿಸಿ ಕೈಯ ಭಾರ ಇಳಿಸಿಕೊಳ್ಳುತ್ತೀರಿ. ಸ್ಪ್ರಿಂಗ್ ಮುರಿದರೆ ಕೈಗೆ ಭಾರ ಮರಳುತ್ತದೆ. ಮುರಿದ ತುಂಡು ಸ್ಟಿಕ್‌ಗೆ ಅಡ್ಡ ಸಿಗದಂತೆ ನೋಡಿಕೊಂಡರೆ ಆಯಿತು.

ಇನ್ನು ಮೋಟಾರು. ಮನೆಯಲ್ಲಿ ಕಟ್ಟುವ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವುದು ರೇ ಆಲನ್ ಕಂಪನಿಯ ಸರ್ವೊ, ಅಂದರೆ ಟ್ಯಾಬನ್ನು ಕದಲಿಸುವ ಪುಟ್ಟ ಮೋಟಾರು. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ತೂಕ ನೂರು ಗ್ರಾಂ ಆಸುಪಾಸು, ಒಂದು ಆಂಪಿಯರ್‌ಗಿಂತ ಕಡಿಮೆ ವಿದ್ಯುತ್. ಮಾದರಿಗೆ ತಕ್ಕಂತೆ ಅದರ ಕಡ್ಡಿ ಸುಮಾರು 18ರಿಂದ 30 ಮಿಲಿಮೀಟರ್ ಚಲಿಸುತ್ತದೆ. ಐದು ತಂತಿಗಳಲ್ಲಿ ಎರಡು ಬಿಳಿ ತಂತಿ ಮೋಟಾರಿಗೆ, ಉಳಿದ ಮೂರು ಟ್ಯಾಬ್ ಎಲ್ಲಿದೆ ಎಂದು ಸೂಚಕಕ್ಕೆ ತಿಳಿಸಲು. ಬಾಲದವರೆಗೆ ಕೇಬಲ್ ಎಳೆಯುವ ತಾಪತ್ರಯವಿಲ್ಲ, ಸ್ಟಿಕ್‌ನ ತಲೆಯಲ್ಲೇ ಗುಂಡಿ. ಬಿಳಿ ತಂತಿಗಳು ಅದಲುಬದಲಾದರೆ ಮಾತ್ರ ಮೋಟಾರು ಉಲ್ಟಾ ತಿರುಗುತ್ತದೆ, ಮೂಗು ಇಳಿಸುವ ಗುಂಡಿ ಒತ್ತಿದರೆ ಮೂಗು ಏರುತ್ತದೆ. ಟ್ಯಾಬ್ ಮೂಗಿನ ದಿಕ್ಕಿಗೇ ಬಾಗಬೇಕು ಎಂದು ಭಾವಿಸಿದವರು ಸರಿಯಾದ ಜೋಡಣೆಯನ್ನೇ ಬದಲಿಸಿಬಿಡುವುದೂ ಉಂಟು. ಆದ್ದರಿಂದ ಬಾಲದ ಬಳಿ ಒಬ್ಬರನ್ನು ನಿಲ್ಲಿಸಿ. ನೀವು "ಮೂಗು ಕೆಳಗೆ" ಎಂದು ಕೂಗಿ ಗುಂಡಿ ಒತ್ತಿದಾಗ ಅವರು "ಟ್ಯಾಬ್ ಮೇಲೆ" ಎಂದು ಕೂಗಿ ಹೇಳಬೇಕು.

ಮೋಟಾರು ಒಂದೇ ವೇಗದಲ್ಲಿ ಓಡುತ್ತದೆ, ಗಾಳಿಯ ಬಲ ಹಾಗಿರುವುದಿಲ್ಲ. ಅದು ವಿಮಾನದ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 110 ಕಿಲೋಮೀಟರ್‌ನಲ್ಲಿ ಇಳಿಯಲು ಬರುವಾಗ ಟ್ಯಾಬ್ ಒಂದಿಷ್ಟು ಬಾಗಿದರೆ ಆಗುವ ಪರಿಣಾಮ, 220 ಕಿಲೋಮೀಟರ್‌ನಲ್ಲಿ ಅಷ್ಟೇ ಬಾಗಿದರೆ ನಾಲ್ಕು ಪಟ್ಟು. ಇಳಿಯುವಾಗ "ಎಷ್ಟು ನಿಧಾನ" ಎನಿಸಿದ ಮೋಟಾರೇ ಮೇಲೆ ಹಾರುವಾಗ ಮುಟ್ಟಿದರೆ ಸಾಕು, ಮೂಗನ್ನು ಎತ್ತಿ ಕುಕ್ಕುತ್ತದೆ. ಇದಕ್ಕೆ ವೇಗ ತಗ್ಗಿಸುವ ಸಣ್ಣ ನಿಯಂತ್ರಕ ಸಿಗುತ್ತದೆ. ವೇಗವಾಗಿ ಹಾರುವ ವಿಮಾನಕ್ಕೆ ಮೋಟಾರು ಹಾಕುವವರು ಅದನ್ನೂ ಸೇರಿಸಿಯೇ ಲೆಕ್ಕ ಹಾಕಲಿ.

ಕಾರಿನ ಕಿಟಕಿ ಗಾಜು ಏರಿಸುವ ಮೋಟಾರನ್ನು ಇಲ್ಲಿಗೆ ಹೊಂದಿಸಿಕೊಳ್ಳಬಹುದೇ ಎಂಬುದು ನಮ್ಮಲ್ಲಿ ಹುಟ್ಟುವ ಪ್ರಶ್ನೆ. ಬೇಡವೇ ಬೇಡ. ಅದರ ಬಲ ಈ ಕೆಲಸಕ್ಕೆ ಅತಿಯಾದದ್ದು. ಟ್ಯಾಬ್ ತನ್ನ ಕೊನೆ ಮುಟ್ಟಿದ ಮೇಲೂ ಒತ್ತುತ್ತಾ ಹೋಗಿ ಕೀಲನ್ನೇ ಹರಿದೀತು. ತಂತಿಯಲ್ಲೂ ಅಷ್ಟೇ. ಬಿ.ಎಂ. ರಸ್ತೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪಿವಿಸಿ ಹೊದಿಕೆಯ ತಂತಿ ಸುಟ್ಟರೆ ವಿಷದ ಹೊಗೆ ಕಾಕ್‌ಪಿಟ್ ತುಂಬುತ್ತದೆ. ವಿಮಾನಕ್ಕೆಂದೇ ಮಾಡಿದ ಟೆಫ್‌ಜೆಲ್ ಹೊದಿಕೆಯ ತಂತಿ ತರಿಸಿಕೊಳ್ಳಿ.

ಎರಡು ಸ್ಟಿಕ್‌ಗಳಿಗೂ ಗುಂಡಿ ಬೇಕೆಂದರೆ ನಡುವೆ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಬರುತ್ತದೆ. ರಿಲೇಯ ಸಂಪರ್ಕ ಬಿಂದುಗಳು ಕಿಡಿಯಿಂದ ಬೆಸೆದುಕೊಂಡರೆ ಬೆರಳು ತೆಗೆದರೂ ಮೋಟಾರು ನಿಲ್ಲುವುದಿಲ್ಲ. ಹಾಗಾಗಿ ಟ್ರಿಮ್‌ಗೆ ಅದರದ್ದೇ ಸರ್ಕಿಟ್ ಬ್ರೇಕರ್ ಬೇಕು. ಬೆಲ್ಟ್ ಬಿಗಿದು ಕುಳಿತಾಗಲೂ, ಕಣ್ಣು ಮುಚ್ಚಿದರೂ ಕೈಗೆ ಸಿಗುವ ಜಾಗದಲ್ಲಿರಬೇಕು. ಇತರ ಹತ್ತು ಬ್ರೇಕರ್‌ಗಳ ಸಾಲಿನ ನಡುವೆ ಬೇಡ. 2019ರ ಮಾರ್ಚ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ 737 ಮ್ಯಾಕ್ಸ್ ವಿಮಾನದಲ್ಲಿ ಸಿಬ್ಬಂದಿ ವಿದ್ಯುತ್ ಟ್ರಿಮ್ಮನ್ನು ಕಡಿತಗೊಳಿಸಿದ್ದರು. ಅಷ್ಟರಲ್ಲಿ ವೇಗ ಏರಿತ್ತು. ಬಾಲದ ಮೇಲಿನ ಗಾಳಿಯ ಹೊರೆಯಲ್ಲಿ ಕೈಚಕ್ರವನ್ನು ತಿರುಗಿಸಲು ಅವರಿಂದ ಆಗಲಿಲ್ಲ. 157 ಜನ ಸತ್ತರು. ಅದು ಬೇರೆಯೇ ಗಾತ್ರದ ಯಂತ್ರ, ಅಲ್ಲಿ ತಪ್ಪಿದ್ದು ಕಂಪ್ಯೂಟರಿನ ಆದೇಶ, ಚಲಿಸಿದ್ದು ಪುಟ್ಟ ಟ್ಯಾಬ್ ಅಲ್ಲ, ಬಾಲದ ಅಡ್ಡ ರೆಕ್ಕೆಯಾದ ಇಡೀ ಸ್ಟೆಬಿಲೈಸರ್. ಆದರೂ ಎರಡು ಮಾತು ನಮಗೂ ಸಲ್ಲುತ್ತವೆ: ಓಡುತ್ತಿದೆ ಎನಿಸಿದ ಕೂಡಲೇ ಕಡಿತ ಮಾಡಿ, ಮತ್ತು ವೇಗ ಏರಲು ಬಿಡಬೇಡಿ.

ಹಾಗಾದರೆ ಸಣ್ಣ ವಿಮಾನದಲ್ಲಿ ಎಷ್ಟರ ಮಟ್ಟಿಗೆ ಸುರಕ್ಷಿತ? ಟ್ಯಾಬ್ ಪೂರ್ತಿ ಒಂದು ತುದಿಗೆ ಹೋದರೂ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ಇಳಿಸಲು ಸಾಧ್ಯವಿರಬೇಕು. ಇದು ನನ್ನ ಅಳತೆಗೋಲು. ಅದಕ್ಕಾಗಿ ಟ್ಯಾಬ್‌ನ ಚಲನೆಗೆ ನಕ್ಷೆ ಹೇಳಿದಷ್ಟೇ ಮಿತಿ ಹಾಕಿ, ಸರ್ವೊ ಕೊಡುತ್ತದೆಂದು ಹೆಚ್ಚು ಬಿಡಬೇಡಿ. ಪರೀಕ್ಷಾ ಹಾರಾಟಗಳಲ್ಲಿ ಸಾಕಷ್ಟು ಎತ್ತರಕ್ಕೆ ಏರಿ, ಕಡಿಮೆ ವೇಗದಲ್ಲಿ ಟ್ರಿಮ್ಮನ್ನು ಸ್ವಲ್ಪ ಸ್ವಲ್ಪವೇ ತಪ್ಪು ದಿಕ್ಕಿಗೆ ಒಯ್ದು ಸ್ಟಿಕ್ ಎಷ್ಟು ಭಾರವಾಗುತ್ತದೆಂದು ಬರೆದಿಟ್ಟುಕೊಳ್ಳಿ. ನಂತರವೇ ವೇಗ ಹೆಚ್ಚಿಸಿ.

ಮೋಟಾರು, ಕೈಚಕ್ರಗಳ ವಾದದಲ್ಲಿ ಮರೆತುಹೋಗುವ ಸಂಗತಿ ಟ್ಯಾಬ್‌ನ ಸಡಿಲ. ನಾನು ಯಾವ ವಿಮಾನದ ಬಳಿ ಹೋದರೂ ಎಲಿವೇಟರನ್ನು ಒಂದು ಕೈಯಲ್ಲಿ ಹಿಡಿದು, ಟ್ಯಾಬ್‌ನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮೇಲೆ ಕೆಳಗೆ ಅಲುಗಿಸಿ ನೋಡುತ್ತೇನೆ. ಕಡ್ಡಿಯ ಕೊನೆಯ ಪಿನ್ ಸವೆದಿದ್ದರೆ "ಟಕ್" ಎಂಬ ಸಣ್ಣ ಸದ್ದು ಬೆರಳಿಗೇ ತಿಳಿಯುತ್ತದೆ. ಅಷ್ಟು ಸಡಿಲ ಸಾಕು, ವೇಗ ಏರಿದಾಗ ಟ್ಯಾಬ್ ತಾನೇ ಪಟಪಟನೆ ಬಡಿದುಕೊಳ್ಳಲು. 2011ರ ಸೆಪ್ಟೆಂಬರ್ 16ರಂದು ಅಮೆರಿಕದ ರೀನೋದಲ್ಲಿ ರೇಸ್ ಓಡುತ್ತಿದ್ದ ಪಿ-51 ವಿಮಾನವೊಂದು ಹೀಗೆಯೇ ಬಿದ್ದು, ಪೈಲಟ್ ಮತ್ತು ಹತ್ತು ಮಂದಿ ಪ್ರೇಕ್ಷಕರು ತೀರಿಕೊಂಡರು. ತನಿಖೆ ತೋರಿಸಿದ್ದು ಟ್ರಿಮ್ ಟ್ಯಾಬ್‌ನ ಸ್ಕ್ರೂಗಳನ್ನು ಹಿಡಿದಿದ್ದ ಲಾಕ್‌ನಟ್‌ಗಳನ್ನು. ಅವುಗಳ ಒಳಗಿನ ಬಿಗಿಯ ಉಂಗುರಗಳು ಹಳತಾಗಿ ಹಿಡಿತ ಕಳೆದುಕೊಂಡಿದ್ದವು. ಹಿಡಿತ ಹೋದ ಲಾಕ್‌ನಟ್ಟನ್ನು ಮತ್ತೆ ಹಾಕಬೇಡಿ, ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಎರಡನೇ ಸಲ ಬಳಸಬೇಡಿ. ಚಹಾದ ಬೆಲೆಯ ಸಾಮಾನುಗಳಿವು.

ಆಯ್ಕೆಯನ್ನು ಬಾಲದ ಭಾಗ ಮುಚ್ಚುವ ಮೊದಲೇ ಮಾಡಿಬಿಡಿ. ಸ್ವಂತವಾಗಿ ಕಟ್ಟಿದ ವಿಮಾನಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿ ಬೇಕು. ರಿವೆಟ್ ಹೊಡೆದ ಮೇಲೆ ಮನಸ್ಸು ಬದಲಾದರೆ ತಗಡನ್ನೂ ಬಿಚ್ಚಬೇಕು, ಕಾಗದಪತ್ರವನ್ನೂ ತಿದ್ದಬೇಕು.

ಸಕಲೇಶಪುರದವರು ನನ್ನ ಮಾತೆಲ್ಲ ಕೇಳಿದ ಮೇಲೂ ಮೋಟಾರನ್ನೇ ಆರಿಸಿಕೊಂಡರು. "ಸರ್, ಹಳೆಯ ಪೆಟ್ಟಿನಿಂದ ಈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಆಸನದ ಪಕ್ಕದ ಚಕ್ರ ತಿರುಗಿಸಲು ನಾನು ಮೈಯನ್ನೇ ವಾಲಿಸಬೇಕು, ಆಗ ಕಣ್ಣು ಹೊರಗಿರುವುದಿಲ್ಲ" ಎಂದರು. ಆಸನದಲ್ಲಿ ಕುಳಿತು ತೋರಿಸಿಯೂ ಕೊಟ್ಟರು. ಒಪ್ಪಲೇಬೇಕಾದ ಕಾರಣ. ಹಾಗಾಗಿ ಗುಂಡಿಯನ್ನು ಎಡಗಡೆಯ ಸ್ಟಿಕ್‌ಗೆ ಮಾತ್ರ ಇಟ್ಟೆವು, ರಿಲೇಯ ಗೊಡವೆಯೇ ತಪ್ಪಿತು. ವೇಗ ನಿಯಂತ್ರಕ ಸೇರಿತು. ಬ್ರೇಕರ್ ಥ್ರಾಟಲ್‌ನ ಕೆಳಗೆ ಒಂಟಿಯಾಗಿ ಕುಳಿತಿದೆ. ಸೂಚಕದಲ್ಲಿ ಟೇಕಾಫ್ ವೇಳೆ ಟ್ರಿಮ್ ಇರಬೇಕಾದ ಜಾಗಕ್ಕೆ ಹಸಿರು ಗೆರೆ ಎಳೆಯುವುದು ಬಾಕಿ. ಅದನ್ನು ತೂಕ ಮತ್ತು ಭಾರಕೇಂದ್ರದ ಲೆಕ್ಕ ಮುಗಿಸಿದ ಮೇಲಷ್ಟೇ ಎಳೆಯಬೇಕೆಂದು ಹೇಳಿ ಬಂದಿದ್ದೇನೆ. ಕೊಯ್ಲು ಮುಗಿದು ಮೂಟೆಗಳು ಸಾಗಿಹೋದ ಮೇಲೆ ವಿಮಾನವನ್ನು ಕಣಕ್ಕೆ ತಳ್ಳಿ, ಮೂರು ಚಕ್ರಗಳ ಕೆಳಗೂ ತಕ್ಕಡಿ ಇಟ್ಟು ತೂಗುತ್ತೇವೆ.