ಸ್ಟೇಷನ್‌ನಿಂದ ಫೋನ್ ಬಂದಿದೆ, ಹೋಗಲೇಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಪಾಂಡವಪುರ ತಾಲೂಕಿನ ಒಂದು ಹಳ್ಳಿ. ಬದುವಿನ ವಿಚಾರಕ್ಕೆ ಪಕ್ಕದ ಜಮೀನಿನವರಿಗೂ ನಮಗೂ ಹೋದ ವಾರ ಜಗಳ ಆಯಿತು. ಮಾತಿಗೆ ಮಾತು ಬೆಳೆದು ತಳ್ಳಾಟವೂ ಆಯಿತು. ಅವರು ಕಂಪ್ಲೇಂಟ್ ಕೊಟ್ಟಿದ್ದಾರಂತೆ. ನಿನ್ನೆ ಸ್ಟೇಷನ್‌ನಿಂದ ಫೋನ್ ಮಾಡಿ "ನೀನೂ ನಿಮ್ಮಪ್ಪನೂ ನಾಳಿದ್ದು ಹತ್ತು ಗಂಟೆಗೆ ಸ್ಟೇಷನ್ ತಾವ ಬಂದು ಹೋಗಿ" ಅಂದರು. ಅಪ್ಪನಿಗೆ 66 ವರ್ಷ. ನಾವು ಹೋಗಲೇಬೇಕಾ? ಹೋದರೆ ಒಳಗೆ ಹಾಕ್ತಾರಾ? ಸ್ವಲ್ಪ ದಿನ ಮೈಸೂರಿನಲ್ಲಿ ಅಕ್ಕನ ಮನೆಗೆ ಹೋಗಿ ಇದ್ದುಬಿಡೋಣ ಅಂತ ಅಪ್ಪ ಹೇಳ್ತಿದ್ದಾರೆ.

ಉತ್ತರ: ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಕ್ಕನ ಮನೆಗೆ ಹಬ್ಬಕ್ಕೆ ಹೋಗಿ, ಇದಕ್ಕೆ ಬೇಡ.

ನನ್ನ ಹತ್ತಿರ ಬಂದಿದ್ದ ಒಬ್ಬರ ಕಥೆ ಹೇಳುತ್ತೇನೆ. ಅವರದು ನಾಲೆ ನೀರಿನ ಸರದಿ ಜಗಳ. ಫೋನ್ ಬಂದಿದ್ದೇ ತಡ, ಹೆದರಿ ಮೊಬೈಲ್ ಆಫ್ ಮಾಡಿ ಮಳವಳ್ಳಿ ಕಡೆ ಹೆಂಡತಿಯ ತವರಿಗೆ ಹೋಗಿ ಕೂತರು. ಮೂರು ವಾರ. ಅಷ್ಟರಲ್ಲಿ ಫೈಲಿನಲ್ಲಿ ಒಂದು ಸಾಲು ಸೇರಿತ್ತು: "ಆರೋಪಿಯು ತಲೆಮರೆಸಿಕೊಂಡಿರುತ್ತಾನೆ." ಸ್ಟೇಷನ್‌ನಲ್ಲೇ ಜಾಮೀನು ಸಿಕ್ಕಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾಗಿದ್ದ ಕೇಸು. ಆಮೇಲೆ ಕೋರ್ಟಿನಲ್ಲಿ ಆ ಒಂದು ಸಾಲಿಗೆ ಸಮಜಾಯಿಷಿ ಕೊಡೋಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಹಾಗಂತ ಫೋನ್ ಬಂದ ತಕ್ಷಣ ಅಂಗಿ ಹಾಕಿಕೊಂಡು ಹೊರಡಬೇಕು ಅಂತಲೂ ಅಲ್ಲ. ಆ ನಂಬರಿಗೆ ವಾಪಸ್ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ. "ಸಾರ್, ನಮ್ಮನ್ನ ಯಾವ ಲೆಕ್ಕದಲ್ಲಿ ಕರೀತಿದ್ದೀರಿ? ಅರ್ಜಿ ವಿಚಾರಣೆಗಾ, ಸಾಕ್ಷಿಯಾಗಾ, ಇಲ್ಲ ಎಫ್‌ಐಆರ್ ಆಗಿ ಆರೋಪಿ ಅಂತಲಾ?" ಜಗಳದ ದನಿ ಬೇಡ, ಸಮಾಧಾನವಾಗಿ ಕೇಳಿ. ನಿಮ್ಮ ಹಕ್ಕು ಏನೇನು ಅನ್ನೋದು ಈ ಉತ್ತರದ ಮೇಲೆ ನಿಂತಿದೆ. ಕರೆ ಮಾಡಿದವರ ಹೆಸರು, ಹುದ್ದೆ, ಸ್ಟೇಷನ್ ಬರೆದಿಟ್ಟುಕೊಳ್ಳಿ. ಈಗ ಪೊಲೀಸ್ ಹೆಸರಿನಲ್ಲಿ ಮೋಸದ ಕರೆಗಳೂ ಜಾಸ್ತಿ. "ಡಿಜಿಟಲ್ ಅರೆಸ್ಟ್" ಅಂತ ಯಾವ ಕಾನೂನಿನಲ್ಲೂ ಇಲ್ಲ. ಯಾರಾದರೂ ವಿಡಿಯೋ ಕರೆಯಲ್ಲಿ ಕೂರಿಸಿ ದುಡ್ಡು ಕೇಳಿದರೆ ಫೋನ್ ಇಟ್ಟು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮಾಡಿ. ನಿಮಗೆ ಬಂದಿದ್ದು ಅಂಥದ್ದಲ್ಲ ಅನ್ನಿಸುತ್ತೆ. "ಸ್ಟೇಷನ್ ತಾವ" ಅಂದವರು ನಮ್ಮ ಜಿಲ್ಲೆಯವರೇ ಇರಬೇಕು.

ಅರ್ಜಿ ವಿಚಾರಣೆ ಅಂದರೆ ಏನು? ಪಕ್ಕದವರು ಒಂದು ಅರ್ಜಿ ಕೊಟ್ಟಿದ್ದಾರೆ, ಇನ್ನೂ ಎಫ್‌ಐಆರ್ ಆಗಿಲ್ಲ. ಬದು ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಶುರುವಾಗಿ ಇಲ್ಲೇ ಮುಗಿಯುತ್ತವೆ. ಕಾರಣ ಇದೆ. ಬೈದಾಟ, ಬೆದರಿಕೆ, ಕೈಯಲ್ಲಿ ಒಂದೇಟು, ಇವೆಲ್ಲ ಸಾಮಾನ್ಯವಾಗಿ ಅಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ಇವುಗಳ ತನಿಖೆ ಮಾಡುವ ಹಾಗಿಲ್ಲ, ವಾರಂಟ್ ಇಲ್ಲದೆ ಅರೆಸ್ಟ್ ಮಾಡುವ ಹಾಗೂ ಇಲ್ಲ. ಎನ್‌ಸಿಆರ್ ಮಾಡಿ, ಅಂದರೆ ಅಸಂಜ್ಞೇಯ ಅಂತ ದಾಖಲಿಸಿ, ಅರ್ಜಿದಾರರಿಗೆ ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕಳಿಸುತ್ತಾರೆ. ಇಲ್ಲವೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. ಇಂಥ ಕರೆಗೆ ಹೋಗಲೇಬೇಕು ಅನ್ನುವ ಬಲವಂತ ಇಲ್ಲ. ಆದರೂ ಹೋಗಿ ಅಂತಲೇ ನಾನು ಹೇಳೋದು. ನೀವು ಹೋಗದಿದ್ದರೆ ಆ ಟೇಬಲ್ಲಿನ ಮೇಲೆ ಒಂದೇ ಕಡೆಯ ಕಥೆ ಉಳಿಯುತ್ತದೆ ಅಲ್ವಾ?

ಎಚ್ಚರ ಬೇಕಾದದ್ದು ಅಲ್ಲಿ ನಡೆಯುವ ಇನ್ನೊಂದು ಕೆಲಸದ ಬಗ್ಗೆ. ಮಾತುಕತೆ ಅರ್ಧ ಗಂಟೆ ಆಗಿರುತ್ತದೆ. ಎಲ್ಲರಿಗೂ ಸಾಕಾಗಿರುತ್ತದೆ. ಆಗ ರೈಟರ್ ಮೇಜಿನ ಮೇಲೆ ಒಂದು ಬಿಳಿ ಹಾಳೆ ಬರುತ್ತದೆ. "ಏನಿಲ್ಲ, ಇನ್ಮೇಲೆ ಗಲಾಟೆ ಮಾಡಲ್ಲ ಅಂತ ಒಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಿ." ಕೆಲವು ಸಲ ಹಾಳೆ ಪೂರ್ತಿ ಖಾಲಿ, ಕೆಳಗೆ ಸಹಿ ಮಾತ್ರ ಬೇಕು. ಕೆಲವು ಸಲ ಬರೆದೇ ಇಟ್ಟಿರುತ್ತಾರೆ, ನಡುವೆ ಎಲ್ಲೋ "ಸದರಿ ಜಮೀನಿನ ತಂಟೆಗೆ ಹೋಗುವುದಿಲ್ಲ" ಅನ್ನುವ ಮಾತು ಸೇರಿರುತ್ತದೆ. ಆ ಮಾತು ನಾಳೆ ಸಿವಿಲ್ ಕೋರ್ಟಿನಲ್ಲಿ ನಿಮ್ಮ ಎದುರಿಗೇ ಬಂದು ನಿಲ್ಲುತ್ತದೆ. ಶಾಂತಿ ಕಾಪಾಡುವುದಕ್ಕೆ ಕಾನೂನು ಪ್ರಕಾರ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಇರುವುದು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಿಮ್ಮ ತಾಲೂಕಿನಲ್ಲಾದರೆ ತಹಶೀಲ್ದಾರರಿಗೆ. ಬದು ಎಲ್ಲಿದೆ ಅಂತ ತೀರ್ಮಾನ ಮಾಡುವ ಅಧಿಕಾರವಂತೂ ಸ್ಟೇಷನ್‌ಗೆ ಇಲ್ಲವೇ ಇಲ್ಲ. ಅದಕ್ಕೇ, ಓದದೆ ಸಹಿ ಬೇಡ. ಖಾಲಿ ಹಾಳೆಗೆ ಏನೇ ಆದರೂ ಬೇಡ. "ವಕೀಲರಿಗೆ ಒಂದ್ಸಲ ತೋರಿಸ್ಕೊಂಡು ಬರ್ತೀನಿ ಸಾರ್" ಅನ್ನಿ. ಹಾಗೆ ಹೇಳಿದ್ದಕ್ಕೆ ಬೈಸಿಕೊಂಡವರಿದ್ದಾರೆ. ಬೈಸಿಕೊಳ್ಳಿ, ಪರವಾಗಿಲ್ಲ.

ಸಾಕ್ಷಿಯಾಗಿ ಕರೆದಿದ್ದರೆ ಕಥೆ ಚಿಕ್ಕದು. ಸಾಕ್ಷಿಯನ್ನು ಕರೆಸಲು ಪೊಲೀಸರು ಲಿಖಿತ ಆದೇಶ ಕೊಡಬೇಕು, ಕೊಟ್ಟರೆ ನೀವು ಹೋಗಬೇಕು. ಆದರೆ 60 ದಾಟಿದ ಗಂಡಸರನ್ನು, 15ರ ಒಳಗಿನ ಹುಡುಗರನ್ನು, ಹೆಂಗಸರನ್ನು, ಅಂಗವಿಕಲರನ್ನು, ತೀರಾ ಕಾಯಿಲೆ ಇರುವವರನ್ನು ಸ್ಟೇಷನ್‌ಗೆ ಬಾ ಅಂತ ಒತ್ತಾಯಿಸುವ ಹಾಗಿಲ್ಲ. ಅವರ ಮನೆಗೇ ಬಂದು ಕೇಳಬೇಕು. ನಿಮ್ಮ ಅಪ್ಪ ಸಾಕ್ಷಿಯಾದರೆ ಜಗಲಿ ಮೇಲೆ ಕೂತೇ ಹೇಳಿಕೆ ಕೊಡಬಹುದು.

ಎಫ್‌ಐಆರ್ ಆಗಿ ನೀವು ಆರೋಪಿಗಳಾಗಿದ್ದರೆ? 2024ರ ಜುಲೈ 1ರಿಂದ, ಯಾವುದು ಅಪರಾಧ ಅಂತ ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ತನಿಖೆ, ಅರೆಸ್ಟಿನ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಹೆಸರು ಬದಲಾದರೂ ನಿಮಗೆ ಬೇಕಾದ ವಿಷಯ ಹೆಚ್ಚುಕಡಿಮೆ ಹಾಗೇ ಇದೆ. ಪೊಲೀಸರು ನಿಮ್ಮನ್ನು ಅರೆಸ್ಟ್ ಮಾಡುವ ಅಗತ್ಯ ಇಲ್ಲದಿದ್ದಾಗ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ಪ್ರಕಾರ ಹಾಜರಾಗಿ ಅಂತ ನೋಟಿಸ್ ಕೊಡಬೇಕು. ಕೋರ್ಟ್ ಹಾಲಿನಲ್ಲಿ ನಾವಿನ್ನೂ ಬಾಯಿತಪ್ಪಿ ಸಿಆರ್‌ಪಿಸಿಯ ನಂಬರ್ ಹಿಡಿದು "41ಎ ನೋಟಿಸ್" ಅಂತಲೇ ಅಂತೀವಿ, ಹಳೆ ಅಭ್ಯಾಸ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಸುಮ್ನೆ ಎಳೆದುಕೊಂಡು ಹೋಗಿ ಅರೆಸ್ಟ್ ಮಾಡಬಾರದು, ಅರೆಸ್ಟ್ ಯಾಕೆ ಬೇಕಾಯಿತು ಅಂತ ಕಾರಣ ಬರೆಯಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಹೇಳಿತು. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ 2025ರ ಜನವರಿಯಲ್ಲಿ ಹೇಳಿತು. ನಮ್ಮ ಹೈಕೋರ್ಟ್ 2024ರಲ್ಲೇ ಇನ್ನೊಂದು ಒಳ್ಳೆಯ ಮಾತು ಹೇಳಿದೆ: ನೋಟಿಸ್‌ನಲ್ಲಿ ಕ್ರೈಂ ನಂಬರ್ ಇರಬೇಕು, ಯಾವ ಅಪರಾಧ ಅನ್ನೋದಿರಬೇಕು, ಎಫ್‌ಐಆರ್ ಪ್ರತಿಯೂ ಜೊತೆಗಿರಬೇಕು. ಅದಕ್ಕೆ ಫೋನಿನಲ್ಲಿ ಅವರು "ಎಫ್‌ಐಆರ್ ಆಗಿದೆ" ಅಂದರೆ, "ನೋಟಿಸ್ ಕೊಡಿ ಸಾರ್, ಹೇಳಿದ ದಿನ ಬರ್ತೀವಿ" ಅನ್ನಿ.

ನೋಟಿಸ್ ಕೈಗೆ ಬಂದ ಮೇಲೆ ಮಾತ್ರ ತಪ್ಪಿಸಬೇಡಿ. ಹೇಳಿದ ಹಾಗೆ ಹಾಜರಾಗುತ್ತಾ ಇದ್ದರೆ ನಿಮ್ಮನ್ನು ಅರೆಸ್ಟ್ ಮಾಡುವ ಹಾಗಿಲ್ಲ, ಮಾಡಲೇಬೇಕಿದ್ದರೆ ಕಾರಣ ಬರೆಯಬೇಕು. ತಪ್ಪಿಸಿಕೊಂಡರೆ ಆ ರಕ್ಷಣೆಯನ್ನು ನೀವೇ ಕೈಯಾರೆ ಕಳೆದುಕೊಂಡ ಹಾಗೆ. ಹೊಸ ಸಂಹಿತೆ ಅಪ್ಪನಂಥವರಿಗೆ ಇನ್ನೊಂದು ಅನುಕೂಲವನ್ನೂ ಮಾಡಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಡಿವೈಎಸ್‌ಪಿ ಮಟ್ಟದ ಅಧಿಕಾರಿಯ ಮುಂಚಿತ ಅನುಮತಿ ಇಲ್ಲದೆ ಅರೆಸ್ಟ್ ಮಾಡುವಂತಿಲ್ಲ. ಅಪ್ಪನ ವಯಸ್ಸು ತೋರಿಸಲು ಆಧಾರ್ ಪ್ರತಿ ಇಟ್ಟುಕೊಂಡಿರಿ.

ಒಂದು ವಿಷಯ ಮಾತ್ರ ನೀವೇ ಎದೆ ಮುಟ್ಟಿ ನೋಡಿಕೊಳ್ಳಬೇಕು. "ತಳ್ಳಾಟ" ಅಂತ ಬರೆದಿದ್ದೀರಿ. ಅವತ್ತು ಯಾರ ಕೈಯಲ್ಲಾದರೂ ಮಚ್ಚು, ಕುಡುಗೋಲು, ದೊಣ್ಣೆ ಇತ್ತಾ? ಮೂಳೆ ಮುರಿದಿದೆಯಾ? ಜಾತಿ ಹಿಡಿದು ಬೈದರು ಅನ್ನುವ ಆರೋಪ ಇದೆಯಾ? ಇದ್ದರೆ ನಾನು ಇಲ್ಲಿ ಹೇಳುತ್ತಿರುವ ಸಮಾಧಾನದ ಮಾತುಗಳನ್ನು ನೆಚ್ಚಿಕೊಳ್ಳಬೇಡಿ. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯ ಕೇಸಿಗೆ ನಿರೀಕ್ಷಣಾ ಜಾಮೀನನ್ನೇ (ಅರೆಸ್ಟಿಗೆ ಮೊದಲೇ ಪಡೆಯುವ ಜಾಮೀನು) ಕಾನೂನು ತಡೆದಿದೆ. ಇಂದೇ ಸಂಜೆ ವಕೀಲರನ್ನು ಕಂಡು, ನಡೆದದ್ದನ್ನು ನಡೆದ ಹಾಗೆ ಹೇಳಿ. ವಕೀಲರ ಹತ್ತಿರ, ವೈದ್ಯರ ಹತ್ತಿರ ಸುಳ್ಳು ಹೇಳಬಾರದು ಅಂತ ನಮ್ಮಜ್ಜಿ ಸುಮ್ನೆ ಹೇಳುತ್ತಿರಲಿಲ್ಲ. ನಿಮಗೂ ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯ ಅಂತ ದಾಖಲೆ) ಮಾಡಿಸಿ, ದೂರು ಕೊಡಿ. ಪೆಟ್ಟಾಗದೆ ಬ್ಯಾಂಡೇಜ್ ಸುತ್ತಿಕೊಂಡು ಕೌಂಟರ್ ಕೇಸ್ ಹಾಕುವ ಐಡಿಯಾವನ್ನು ಊರಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅವರ ಮಾತು ಕೇಳಬೇಡಿ.

ಒಳಗೆ ಹೋದ ಮೇಲೆ ಏನು ಮಾತಾಡಬೇಕು, ಏನು ಬಿಡಬೇಕು? ಹೆಸರು, ಊರು, ವಯಸ್ಸು, ಕೆಲಸ ಹೇಳಿ. ನಿಮ್ಮನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲೇ ಇದೆ. "ಅದನ್ನ ಕೋರ್ಟಲ್ಲಿ ಹೇಳ್ತೀನಿ ಸಾರ್" ಅಂದರೆ ಸಾಕು. ಸುಳ್ಳು ಮಾತ್ರ ಹೇಳಬೇಡಿ. ಸುಮ್ಮನಿದ್ದವರಿಗಿಂತ ಸುಳ್ಳು ಹೇಳಿ ಸಿಕ್ಕಿಕೊಂಡವರೇ ಜಾಸ್ತಿ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ನಿಮ್ಮ ಸಹಿ ಬೇಕಾಗಿಲ್ಲ, ಕಾನೂನೇ ಸಹಿ ಬೇಡ ಅನ್ನುತ್ತದೆ. ಅರೆಸ್ಟ್ ಮೆಮೊ, ಮಹಜರು, ಜಾಮೀನು ಬಾಂಡು, ಇವುಗಳ ಸಹಿ ಬೇರೆ ಮಾತು. ಅವನ್ನೂ ಓದಿಯೇ ಹಾಕಿ.

ಚಾರ್ಜ್‌ಶೀಟುಗಳಲ್ಲಿ "ಸ್ವ-ಇಚ್ಛಾ ಹೇಳಿಕೆ" ಅಂತ ಒಂದು ಕಾಗದ ಇರುತ್ತದೆ. ನಾನೇ ಮಾಡಿದೆ, ತಪ್ಪಾಯಿತು ಅಂತ ಆರೋಪಿಯೇ ಒಪ್ಪಿಕೊಂಡ ಹಾಗೆ. ಹತ್ತು ಕೇಸಿನದನ್ನು ಒಟ್ಟಿಗೆ ಇಟ್ಟು ಓದಿದರೆ ಹತ್ತು ಜನರೂ ಒಂದೇ ಶಾಲೆಯಲ್ಲಿ ಒಂದೇ ಮೇಷ್ಟ್ರ ಹತ್ತಿರ ಕನ್ನಡ ಕಲಿತವರೇನೋ ಅನ್ನಿಸುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿ ಅಂತ ಕೋರ್ಟು ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಕಿಂಡಿ ಇದೆ. "ಮಚ್ಚನ್ನ ಪಂಪ್‌ಸೆಟ್ ಮನೆ ಹಿಂದೆ ಇಟ್ಟಿದ್ದೀನಿ, ತೋರಿಸ್ತೀನಿ" ಅಂತ ಹೇಳಿ, ಅಲ್ಲಿ ಅದು ನಿಜವಾಗಿ ಸಿಕ್ಕರೆ, ಅಷ್ಟು ಭಾಗ ನಿಲ್ಲುತ್ತದೆ.

ನಿಮ್ಮ ಅಪ್ಪನಿಗೆ ನಿಜವಾಗಿ ಹೆದರಿಕೆ ಇರುವುದು ಕೂರಿಸಿಕೊಳ್ಳುವುದರ ಬಗ್ಗೆ ಇರಬೇಕು. "ಅರೆಸ್ಟ್ ಏನೂ ಮಾಡಿಲ್ಲ, ಸುಮ್ನೆ ಕೂರಿಸ್ಕೊಂಡಿದ್ದಾರೆ." ಈ ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ. ಬೆಳಗ್ಗೆ ಹೋದವರು ಬೆಂಚಿನ ಮೇಲೆ ಕೂತಿರುತ್ತಾರೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ಬರಲಿ ಅಂತಾರೆ. ಸಂಜೆ ಆಗುತ್ತದೆ. ಮೊಬೈಲು ಮೇಜಿನ ಡ್ರಾಯರ್ ಸೇರಿರುತ್ತದೆ. ಕಾನೂನಿನಲ್ಲಿ "ಕೂರಿಸಿಕೊಳ್ಳುವುದು" ಅಂತ ಒಂದು ವರ್ಗವೇ ಇಲ್ಲ. ಎದ್ದು ಮನೆಗೆ ಹೋಗಲು ಬಿಡುತ್ತಿಲ್ಲ ಅಂದರೆ ಅದು ಬಂಧನವೇ. "ನಾನು ಈಗ ಹೊರಡಬಹುದಾ ಸಾರ್?" ಅಂತ ಕೇಳಿ. ಹೊರಡಬಹುದು ಅಂದರೆ ಹೊರಡಿ. ಇಲ್ಲ ಅಂದರೆ ಆ ಹೊತ್ತಿನಿಂದ ಗಡಿಯಾರ ಓಡುತ್ತದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಅದಕ್ಕೇ ಒಳಗೆ ಕಾಲಿಡುವ ಮೊದಲು ಮನೆಗೆ ಒಂದು ಮೆಸೇಜ್ ಹಾಕಿ: ಎಷ್ಟು ಗಂಟೆಗೆ ಬಂದೆ, ಯಾರನ್ನು ನೋಡಲು ಬಂದೆ. ಎಲ್ಲ ಸ್ಟೇಷನ್‌ಗಳಲ್ಲೂ ಸಿಸಿಟಿವಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದೇಶ ಇರುವ ಕಡೆಯೆಲ್ಲ ಕ್ಯಾಮೆರಾ ಓಡುತ್ತಿರುತ್ತದೆ ಅಂತ ನಾನು ಹೇಳಲಾರೆ, ಆದರೆ ಮೆಸೇಜಿನ ಸಮಯ ನಿಮ್ಮ ಕೈಯಲ್ಲೇ ಇರುತ್ತದಲ್ಲ. ಮನೆಯವರು ಕತ್ತಲಾಗುವವರೆಗೆ ಗೇಟಿನ ಹತ್ತಿರ ನಿಂತು ಅಳುವುದಕ್ಕಿಂತ ವಕೀಲರಿಗೆ, ಎಸ್‌ಪಿ ಕಚೇರಿಗೆ ತಿಳಿಸಲಿ. ತೀರಾ ಆದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಇದೆ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ.

ಅರೆಸ್ಟೇ ಮಾಡಿದರು ಅಂತಿಟ್ಟುಕೊಳ್ಳಿ. ಯಾಕೆ ಅಂತ ಕಾರಣ ತಿಳಿಸಬೇಕು, ನೀವು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು, ಡಾಕ್ಟರ್ ಹತ್ತಿರ ತಪಾಸಣೆ ಮಾಡಿಸಬೇಕು, ವಿಚಾರಣೆ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಕಾರಣ ತಿಳಿಸದ ಅರೆಸ್ಟ್ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಕೇಸಿನಲ್ಲಿ ಖಡಾಖಂಡಿತ ಹೇಳಿದೆ. ನಿಮ್ಮ ಮೇಲಿರುವುದು ಜಾಮೀನು ಕೊಡಬಹುದಾದ ಅಪರಾಧವಾದರೆ ಕೋರ್ಟಿಗೆ ಹೋಗುವ ಮಾತೇ ಇಲ್ಲ. ಸ್ಟೇಷನ್ ಬೇಲ್ ನಿಮ್ಮ ಹಕ್ಕು. ಜಾಮೀನಿಗೆ ನಿಲ್ಲುವವರೊಬ್ಬರು ಪಹಣಿ, ಆಧಾರ್ ಹಿಡಿದು ತಯಾರಿರಲಿ. ಆ ಒಬ್ಬರನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ. ಆಪತ್ತಿನ ಹೊತ್ತಿಗೆ ಎಲ್ಲರ ಪಹಣಿಯೂ ಬ್ಯಾಂಕಿನಲ್ಲೇ ಇರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ, ಮಂಡ್ಯದ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ.

ಇನ್ನು ಜಗಳದ ಮೂಲ, ಆ ಬದು. ಅದಕ್ಕೆ ಮದ್ದು ಸ್ಟೇಷನ್‌ನಲ್ಲಿಲ್ಲ, ಸರ್ವೆ ಇಲಾಖೆಯಲ್ಲಿದೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಕೊಡಿ. ಸರ್ವೆಯವರು ಪಕ್ಕದ ಜಮೀನಿನವರಿಗೂ ನೋಟಿಸ್ ಕೊಟ್ಟು, ದಿನ ಗೊತ್ತು ಮಾಡಿ, ಅಳತೆ ಮಾಡಲು ಬರುತ್ತಾರೆ. ಅವತ್ತು ನೀವು ಹೋಗಿ ನಿಲ್ಲಿ. ಅಪ್ಪನನ್ನು ಬೇಕಾದರೆ ಅವತ್ತು ಅಕ್ಕನ ಮನೆಗೆ ಕಳಿಸಿ.