ಕಣ್ಣು ಒಣಗುವವರು ರೆಪ್ಪೆಗೂದಲಿನ ಸೀರಮ್ ಹಚ್ಚಬಹುದಾ?

ಪ್ರಶ್ನೆ: ನನಗೆ ಡ್ರೈ ಐ ಇದೆ, ದಿನಾ ಡ್ರಾಪ್ಸ್ ಹಾಕುತ್ತೇನೆ. ರೆಪ್ಪೆಗೂದಲು ತೆಳ್ಳಗಾಗಿದೆ. ಕೂದಲು ಬೆಳೆಸುವ ಸೀರಮ್ ಹಚ್ಚಿದರೆ ತೊಂದರೆ ಆಗುತ್ತಾ?

ಆಗಬಹುದು. ಅದಕ್ಕೇ ಹೇಳುತ್ತೇನೆ, ಮೊದಲು ಕಣ್ಣು ಸರಿಯಾಗಲಿ, ಸೀರಮ್ ಆಮೇಲೆ.

ಕನ್ನಡಿ ಮುಂದೆ ನಿಂತು ರೆಪ್ಪೆಯ ಅಂಚನ್ನು ಹತ್ತಿರದಿಂದ ನೋಡಿ. ಕೂದಲಿನ ಬುಡದ ಹಿಂದೆಯೇ ಚುಕ್ಕಿ ಚುಕ್ಕಿಯಾಗಿ ಸಣ್ಣ ರಂಧ್ರಗಳ ಸಾಲು ಇರುತ್ತದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿ. ಅಲ್ಲಿಂದ ಬರುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿಕೊಂಡು ಅದು ಬೇಗ ಆರದಂತೆ ಕಾಯುತ್ತದೆ. ತುಂಬಾ ಜನರಿಗೆ ಕಣ್ಣು ಒಣಗುವುದು ಕಣ್ಣೀರು ಕಮ್ಮಿಯಾಗಿ ಅಲ್ಲ, ಈ ಎಣ್ಣೆ ಗಟ್ಟಿಯಾಗಿ ಹೊರಗೆ ಬಾರದೆ. ಸೀರಮ್ ಹಚ್ಚುವುದೂ ಇದೇ ಅಂಚಿಗೆ, ಅಲ್ವಾ?

ನಿಜವಾಗಿ ಕೂದಲು ಬೆಳೆಸುತ್ತದೆ ಎಂದು ಸಾಬೀತಾಗಿರುವ ಔಷಧಿ ಬಿಮಾಟೋಪ್ರಾಸ್ಟ್. ಅದು ಮೂಲತಃ ಗ್ಲಾಕೋಮಾಗೆ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಗೆ ಹಾಕುವ ಡ್ರಾಪ್ಸ್. ಹಾಕಿಕೊಂಡವರ ರೆಪ್ಪೆಗೂದಲು ಉದ್ದ ಬೆಳೆಯುವುದನ್ನು ವೈದ್ಯರು ಗಮನಿಸಿದರು, 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 0.03% ದ್ರಾವಣವನ್ನು ರೆಪ್ಪೆಗೂದಲಿಗೂ ಒಪ್ಪಿತು. ರಾತ್ರಿ ಒಂದು ಸಲ, ಮೇಲಿನ ರೆಪ್ಪೆಗೆ ಮಾತ್ರ, ಪೂರ್ತಿ ಫಲ ಕಾಣಲು ಸುಮಾರು 16 ವಾರ, ನಿಲ್ಲಿಸಿದರೆ ಕೂದಲು ಮೊದಲಿನಂತೆಯೇ. ಆದರೆ ತುರಿಕೆ, ಕಣ್ಣು ಕೆಂಪಾಗುವುದು, ಒಣಗುವುದು, ರೆಪ್ಪೆಯ ಚರ್ಮ ಕಪ್ಪಾಗುವುದು ಇದರ ಗೊತ್ತಿರುವ ಅಡ್ಡಪರಿಣಾಮಗಳು. ಕೆಲವರಿಗೆ ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಈ ಜಾತಿಯ ಔಷಧಿಗಳಿಗೂ ಎಣ್ಣೆ ಗ್ರಂಥಿ ಕೆಡುವುದಕ್ಕೂ ನಂಟು ಇರುವುದು ಗ್ಲಾಕೋಮಾ ರೋಗಿಗಳಲ್ಲಿ ಕಂಡುಬಂದಿದೆ. ಸಾಲದ್ದಕ್ಕೆ ಅದರಲ್ಲಿ ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಂರಕ್ಷಕ ಇರುತ್ತದೆ, ಒಣ ಕಣ್ಣಿಗೆ ಅದು ಆಗಿಬರುವುದಿಲ್ಲ.

ಆನ್‌ಲೈನ್‌ನಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿಗುವ ಸೀರಮ್ ಸುರಕ್ಷಿತ ಅಂದುಕೊಳ್ಳಬೇಡಿ. ಪೆಟ್ಟಿಗೆಯ ಹಿಂದಿನ ಸಣ್ಣ ಅಕ್ಷರ ಓದಿ. ಐಸೋಪ್ರೊಪಿಲ್ ಕ್ಲೋಪ್ರೊಸ್ಟೆನೇಟ್ ಎಂದಿದ್ದರೆ ಅದೂ ಬಿಮಾಟೋಪ್ರಾಸ್ಟ್ ಕುಟುಂಬದ್ದೇ. ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಇರುವವು ಅಷ್ಟು ಕಾಡಲಿಕ್ಕಿಲ್ಲ, ಆದರೆ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವೂ ಕಮ್ಮಿ. ಹರಳೆಣ್ಣೆಯದ್ದೂ ಅದೇ ಕಥೆ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸುತ್ತದೆ. ಕೂದಲು ಉದುರುತ್ತಿರುವುದೇ ರೆಪ್ಪೆಯ ಅಂಚಿನ ಉರಿಯೂತದಿಂದ, ಅಂದರೆ ಬ್ಲೆಫರೈಟಿಸ್‌ನಿಂದ ಇರಬಹುದು, ಕಣ್ಣು ಒಣಗಲೂ ಅದೇ ಕಾರಣ ಆಗಿರಬಹುದು. ಬೆಳಿಗ್ಗೆ ಎದ್ದಾಗ ಕೂದಲಿನ ಬುಡದಲ್ಲಿ ಹೊಟ್ಟಿನಂಥ ಪುಡಿ ಅಂಟಿರುತ್ತದಾ ನೋಡಿ. ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದತ್ತು ನಿಮಿಷ ಇಟ್ಟು, ಆಮೇಲೆ ಅಂಚನ್ನು ಮೆಲ್ಲಗೆ ಒರೆಸುವುದನ್ನು ಅವರು ದಿನಾ ಮಾಡಲು ಹೇಳಬಹುದು. ಥೈರಾಯ್ಡ್‌ನಿಂದಲೂ ರೆಪ್ಪೆಗೂದಲು ಉದುರುತ್ತದೆ, ಅದನ್ನೂ ಕೇಳಿ.

ಕಣ್ಣು ಹತೋಟಿಗೆ ಬಂದ ಮೇಲೂ ಸೀರಮ್ ಬೇಕೆನಿಸಿದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಹಚ್ಚುವ ಮೊದಲು ತೆಗೆಯಿರಿ, ಮತ್ತೆ ಹಾಕಲು 15 ನಿಮಿಷ ಬಿಡಿ. ಉರಿ, ಕೆಂಪು ಜಾಸ್ತಿಯಾದರೆ ಅವತ್ತೇ ನಿಲ್ಲಿಸಿ. ಮಸುಕು ಕಂಡರೆ ಅಥವಾ ನೋವು ಬಂದರೆ ಕಾಯಬೇಡಿ, ತಕ್ಷಣ ತೋರಿಸಿ.