ಚಳಿಗಾಲದಲ್ಲಿ ಬೆವರುವ ಮೆಷಿನ್

ಮನೆಯ ವರ್ಕ್‌ಶಾಪ್‌ಗಳಲ್ಲಿರುವ ಮೆಷಿನ್‌ಗಳ ರಿಪೇರಿ ನನ್ನ ಕೆಲಸ. ಚಳಿ ಶುರುವಾಯಿತೆಂದರೆ ಒಂದು ದೂರು ಜಾಸ್ತಿ ಕೇಳಿಬರುತ್ತದೆ: "ಮರ ಕೊಯ್ಯುವ ಟೇಬಲ್ ಸಾ ಮೇಲೆಲ್ಲ ತುಕ್ಕು. ಎಲ್ಲೂ ಸೋರುತ್ತಿಲ್ಲ, ಸಂದುಗಳನ್ನೆಲ್ಲ ಮುಚ್ಚಿದ್ದೇನೆ. ನೀರು ಎಲ್ಲಿಂದ ಬಂತು?" ನಾನು ಮೊದಲು ಕೇಳುವುದು ಹೀಟರ್ ಯಾವುದು ಅಂತ. ಎಷ್ಟೋ ಸಲ ಅದು ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಆಗಿರುತ್ತದೆ.

ಇಂಥ ಹೀಟರ್‌ನಲ್ಲಿ ಒಂದು ಕೆಜಿ ಪ್ರೊಪೇನ್ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರು ಆವಿಯಾಗಿ ಹೊರಬರುತ್ತದೆ. ಕೊಳವೆ ಇಲ್ಲದಿದ್ದರೆ ಅದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಗಾಳಿ ಬೇಗ ಬಿಸಿಯಾಗುತ್ತದೆ, ಆದರೆ ಮೆಷಿನ್‌ನ ಬೀಡು ಕಬ್ಬಿಣದ ದಪ್ಪ ಟೇಬಲ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಕೋಣೆ 20 ಡಿಗ್ರಿ ಇದ್ದು, ಗಾಳಿಯ ತೇವಾಂಶ ಶೇ. 60 ಇದೆ ಅಂದುಕೊಳ್ಳಿ. ಆಗ 12 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ರಾತ್ರಿಯೆಲ್ಲ ತಣ್ಣಗಾದ ಟೇಬಲ್ 5 ಡಿಗ್ರಿಯಲ್ಲಿರುತ್ತದೆ. ತಣ್ಣೀರಿನ ಲೋಟ ಬೆವರುವಂತೆ ಅದೂ ಬೆವರುತ್ತದೆ.

ತುಕ್ಕನ್ನು ಉಜ್ಜಿ ತೆಗೆಯಬಹುದು. ನನಗೆ ನಿಜವಾಗಿ ಭಯವಿರುವುದು ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಗ್ಗೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸಂದುಗಳಿದ್ದ ಶೆಡ್‌ನಲ್ಲಿ ಅಷ್ಟಿಷ್ಟು ಹೊರಗೆ ಹೋಗುತ್ತಿತ್ತು. ಸಂದು ಮುಚ್ಚಿದಿರಿ, ಆ ದಾರಿಯೂ ಮುಚ್ಚಿತು. ಆದ್ದರಿಂದ ಮೊದಲು ಹೀಟರ್ ಯಾವುದೆಂದು ತೀರ್ಮಾನಿಸಿ, ಆಮೇಲೆ ಸಂದು ಮುಚ್ಚುವ ಸೀಲಂಟ್ ಕೈಗೆ ತೆಗೆದುಕೊಳ್ಳಿ. ಚಿಕ್ಕ ಕೋಣೆಗೆ ನಾನು ಹೇಳುವುದು ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್. ಅದನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ, ಮರದ ಪುಡಿ, ಚಿಂದಿ ಬಟ್ಟೆಗಳಿಂದ ಒಂದು ಮೀಟರ್ ದೂರವಿಡಿ. ವಾರಕ್ಕೊಮ್ಮೆ 22 ಡಿಗ್ರಿಗೆ ಏರಿಸಿ ಆಮೇಲೆ ಪೂರ್ತಿ ಆರಿಸುವುದಕ್ಕಿಂತ, ಯಾವಾಗಲೂ 10–12 ಡಿಗ್ರಿಯಲ್ಲಿ ಇಡುವುದು ಮೆಷಿನ್‌ಗಳಿಗೆ ಒಳ್ಳೆಯದು. ಉರಿಯುವ ಹೀಟರ್ರೇ ಬೇಕೆಂದರೆ ಹೊಗೆಯನ್ನು ಹೊರಗೆ ಬಿಡುವಂಥದ್ದೇ ಇರಲಿ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ.

ಈಗ ಸಂದುಗಳಿಗೆ ಬರೋಣ. ಎಲ್ಲರೂ ಬಾಗಿಲಿನ ಕೆಳಗಿನ ಸಂದಿನಿಂದ ಶುರುಮಾಡುತ್ತಾರೆ, ಕಾಲಿಗೆ ತಣ್ಣಗೆ ತಾಗುವುದು ಅದೇ ಅಲ್ವಾ. ಆದರೆ ಬಿಸಿ ಗಾಳಿ ಮೇಲೇರಿ, ಗೋಡೆ ಮತ್ತು ಚಾವಣಿ ಸೇರುವ ಕಡೆ ನುಸುಳಿ ಹೋಗುತ್ತದೆ. ಹೋದಷ್ಟೂ ತಣ್ಣನೆಯ ಗಾಳಿ ಕೆಳಗಿನಿಂದ ಒಳಬರುತ್ತದೆ. ಮೇಲಿನ ಸಂದುಗಳನ್ನು ಮೊದಲು ಮುಚ್ಚಿದರೆ ಕೆಳಗಿನ ಎಳೆತ ತಾನಾಗಿ ಕಡಿಮೆಯಾಗುತ್ತದೆ. ಜೋರು ಗಾಳಿಯಿರುವ ದಿನ ಮರದ ಪುಡಿ ಗುಡಿಸಿ, ಒಂದು ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದು ನೋಡಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಥಿನ್ನರ್, ಪೇಂಟ್ ತೆರೆದಿದ್ದರೆ ಮಾತ್ರ ಇದು ಬೇಡ.

ಅಲುಗಾಡದ ಬಿರುಕಿಗೆ ಸೀಲಂಟ್, ಬಾಗಿಲು ಕಿಟಕಿಗೆ ರಬ್ಬರ್ ಪಟ್ಟಿ. ಅಗಲವಾದ ಬಿರುಕಾದರೆ ಮೊದಲು ಫೋಮ್ ಹುರಿ ತುರುಕಿ, ಅದರ ಮೇಲೆ ಸೀಲಂಟ್ ಎಳೆಯಿರಿ. ಅಂಟಿಸುವ ಫೋಮ್ ಪಟ್ಟಿ ತಣ್ಣನೆಯ ಮರಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಒರೆಸಿ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಅಂಟಿಸಿ. ನೀರು ಆಧಾರಿತ ಅಕ್ರಿಲಿಕ್ ಸೀಲಂಟ್ ಸಾಮಾನ್ಯವಾಗಿ 5 ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವುದಿಲ್ಲ. ಸಿಲಿಕೋನ್ ಚಳಿಯಲ್ಲೂ ಹಿಡಿಯುತ್ತದೆ, ಆದರೆ ಮೇಲ್ಮೈ ಪೂರ್ತಿ ಒಣಗಿರಬೇಕು. ಒಂದು ಎಚ್ಚರಿಕೆ: ಸಿಲಿಕೋನ್ ಮೆತ್ತಿದ ಕೈಯಲ್ಲಿ ಪಾಲಿಶ್ ಮಾಡುವ ಮರ ಮುಟ್ಟಬೇಡಿ. ವಾರ್ನಿಶ್‌ನಲ್ಲಿ ಚಿಕ್ಕ ಚಿಕ್ಕ ಗುಳಿಗಳು ಏಳುತ್ತವೆ. ತುಕ್ಕು ಹಿಡಿಯದಿರಲೆಂದು ಟೇಬಲ್‌ಗೆ ಹಚ್ಚುವ ಮೇಣವೂ ಸಿಲಿಕೋನ್ ಇಲ್ಲದ್ದೇ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಕೋಣೆ ಬೆಚ್ಚಗಾಗುತ್ತಿಲ್ಲವೇ? ಮರದ ಪುಡಿ ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್ ಗಾಳಿಯನ್ನು ಎಲ್ಲಿಗೆ ಬಿಡುತ್ತಿದೆ ನೋಡಿ. 20 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿ 1,920 ಘನ ಅಡಿ. ನಿಮಿಷಕ್ಕೆ 1,000 ಘನ ಅಡಿ ಎಳೆದು ಹೊರಗೆ ಬಿಡುವ ಯಂತ್ರ, ಎರಡೇ ನಿಮಿಷದಲ್ಲಿ ಕೋಣೆಯಷ್ಟು ಬಿಸಿ ಗಾಳಿಯನ್ನು ಆಚೆ ತಳ್ಳುತ್ತದೆ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಅದು ಹೀಟರ್‌ನ ಹೊಗೆಯನ್ನೇ ಕೊಳವೆಯಿಂದ ವಾಪಸ್ ಒಳಗೆ ಎಳೆಯಬಹುದು. ಚಳಿಗಾಲದಲ್ಲಿ ಒಳ್ಳೆಯ ಫಿಲ್ಟರ್ ಹಾಕಿ ಗಾಳಿಯನ್ನು ಒಳಗೇ ತಿರುಗಿಸಿ. ಹೊರಗೇ ಬಿಡಬೇಕಾದರೆ ಅಷ್ಟು ಹೊತ್ತು ಹೀಟರ್ ಆರಿಸಿ, ಕಿಟಕಿ ತೆರೆದಿಡಿ.

ಟ್ಯಾಂಕ್‌ಗೆ ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಚಳಿಯಲ್ಲಿ ಗೊಣಗುವುದು ಎಣ್ಣೆ ಗಟ್ಟಿಯಾಗಿರುವುದರಿಂದ. ಟ್ಯಾಂಕ್ ಅಡಿಯ ವಾಲ್ವ್ ತೆರೆದು ನೀರು ಬಸಿದು, ವಾಲ್ವ್ ತೆರೆದಂತೆಯೇ ಒಂದೆರಡು ನಿಮಿಷ ಓಡಿಸಿ, ಆಮೇಲೆ ಮುಚ್ಚಿ. ಬೆಲ್ಟ್ ಇರುವ ಮೆಷಿನ್ ಆದರೆ ಪ್ಲಗ್ ತೆಗೆದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕೋಣೆ ಬೆಚ್ಚಗಾಗುವವರೆಗೆ ಕಾಯಿರಿ. ಸುಮ್ನೆ ಮತ್ತೆ ಮತ್ತೆ ಸ್ವಿಚ್ ಒತ್ತಿದರೆ ಮೋಟರ್ ಸುಡುತ್ತದೆ.

ಮರದ ಅಂಟು, ನೀರಿನ ಪೇಂಟ್, ಡ್ರಿಲ್‌ನ ಬ್ಯಾಟರಿ, ಈ ಮೂರನ್ನೂ ರಾತ್ರಿ ಮನೆಯೊಳಗೆ ತಂದಿಡಿ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹ ಕೂತು ಶಾಶ್ವತವಾಗಿ ಕೆಡುತ್ತದೆ. ಮರುದಿನ ಅಂಟಿಸಬೇಕಾದ ಹಲಗೆಗಳನ್ನೂ ಒಳಗಿಡಿ, ಏಕೆಂದರೆ ಅಂಟು ಬೆಚ್ಚಗಿದ್ದರೆ ಸಾಲದು, ಮರವೂ ಬೆಚ್ಚಗಿರಬೇಕು. ಜೋಡಣೆಯ ಅಂಚಿನಲ್ಲಿ ಅಂಟು ಸೀಮೆಸುಣ್ಣದಂತೆ ಬಿಳಿಯಾಗಿ ಒಣಗಿದ್ದರೆ ಅದು ಹಿಡಿದಿಲ್ಲ ಅಂತಲೇ ಲೆಕ್ಕ. ಬಿಚ್ಚಿ, ಕೆರೆದು, ಮತ್ತೆ ಅಂಟಿಸಿ.